ಕಾಣದ ಅಂಚೆಪೆಟ್ಟಿಗೆಯ ಬೀಗದ ಕೈ

ಕಾಗದ ಬರೆಯಲು ಬಲ್ಲವರಿಗೆ ಇ-ಮೇಲ್ ಎಂಬುದು ಹೊಸ ವಿದ್ಯೆಯೇನೂ ಅಲ್ಲ. ಆದರೂ ಅದರ ಹೆಸರನ್ನು ಕೇಳಿದೊಡನೆಯೇ ಹಿಂಜರಿಯುವ ಹಿರಿಯರು ಇಂದಿಗೂ ಅನೇಕ ಮನೆಗಳಲ್ಲಿದ್ದಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಇವೆಲ್ಲವೂ ಬೆಂಗಳೂರಿನ ನೆರೆಯ ಊರುಗಳು. ಇಲ್ಲಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಮಕ್ಕಳು ತಮ್ಮ ಕಚೇರಿಗಳಲ್ಲಿ ದಿನವೂ ಹತ್ತಾರು ಇ-ಮೇಲ್‌ಗಳಿಗೆ ಉತ್ತರ ಬರೆಯುತ್ತಾರೆ; ಊರಿನಲ್ಲಿರುವ ತಾಯಿತಂದೆಯರು ತಮ್ಮದೊಂದು ಅರ್ಜಿಗೆ ಉತ್ತರ ಬಂದಿದೆಯೇ ಎಂದು ತಿಳಿಯಲು ಮಗ ಬರುವ ಭಾನುವಾರದವರೆಗೆ ಕಾಯುತ್ತಾರೆ. "ನಿನಗೇಕಮ್ಮ ಈ ತಾಪತ್ರಯ? ನಾನು ಬಂದಾಗ ನೋಡಿಕೊಡುತ್ತೇನೆ, ಬಿಡು" ಎಂಬ ಮಾತು ಪ್ರೀತಿಯಿಂದಲೇ ಬಂದುದು. ಆದರೆ ತಾಯಿಯ ಹೆಸರಿಗೆ ಬಂದ ಪತ್ರವನ್ನು ತಾಯಿಯೇ ಓದದಂತೆ ಮಾಡುವುದೂ ಅದೇ ಪ್ರೀತಿ.

ಹಿಂದೆ ಹಳ್ಳಿಗಳಲ್ಲಿ ಅಕ್ಷರ ಬಾರದವರು ತಮಗೆ ಬಂದ ಕಾಗದವನ್ನು ಅಂಚೆಯವನಿಂದಲೋ ಶಾಲೆಯ ಮೇಷ್ಟರಿಂದಲೋ ಓದಿಸಿಕೊಳ್ಳುತ್ತಿದ್ದರು. ಮನೆಯ ಸುಖದುಃಖ, ಸಾಲದ ಲೆಕ್ಕ, ಮಗಳ ಸಂಬಂಧದ ಮಾತು ಎಲ್ಲವೂ ಮೂರನೆಯವರ ಕಿವಿಯನ್ನು ಹಾದೇ ಅವರಿಗೆ ತಲಪಬೇಕಾಗುತ್ತಿತ್ತು. ಆ ಪರಾಧೀನತೆಯಿಂದ ಪಾರಾಗಲೆಂದೇ ಜನರು ಅಕ್ಷರ ಕಲಿತರು. ಅಕ್ಷರವನ್ನು ಚೆನ್ನಾಗಿ ಬಲ್ಲ ಗೃಹಸ್ಥರೂ ಗೃಹಿಣಿಯರೂ ಈಗ ಪುನಃ ಅದೇ ಸ್ಥಿತಿಗೆ ಮರಳಬೇಕಾದ ಕಾರಣವಿಲ್ಲ.

ವಿಳಾಸವೆಂದರೇನು?

ಅಂಚೆಯ ವಿಳಾಸದಲ್ಲಿ ಮೊದಲು ಹೆಸರು, ಬಳಿಕ ಬೀದಿ, ಊರು, ಕೊನೆಗೆ ಪಿನ್ ಸಂಖ್ಯೆ ಬರುತ್ತದೆ. 1972ರ ಆಗಸ್ಟ್ 15ರಂದು ಪಿನ್ ವ್ಯವಸ್ಥೆ ಜಾರಿಗೆ ಬಂದಾಗಲೂ ಈ ಆರು ಅಂಕಿಗಳನ್ನು ನೆನಪಿಡುವುದು ಹೇಗೆಂದು ಗೊಣಗಿದವರಿದ್ದಿರಬಹುದು. ಇಂದು ದೊಡ್ಡಬಳ್ಳಾಪುರದವರಿಗೆ 561203, ದೇವನಹಳ್ಳಿಯವರಿಗೆ 562110 ಎಂಬುದು ಬಾಯಿಪಾಠ. ಇ-ಮೇಲ್ ವಿಳಾಸವು ಇದಕ್ಕಿಂತಲೂ ಸರಳ. ಅದಕ್ಕೆ ಇರುವುದು ಎರಡೇ ಭಾಗ. ಮೊದಲನೆಯದು ವ್ಯಕ್ತಿಯ ಹೆಸರು. ಎರಡನೆಯದು ಅವರ ಅಂಚೆಪೆಟ್ಟಿಗೆ ಇರುವ ಸಂಸ್ಥೆಯ ಹೆಸರು. ನಡುವೆ ನಿಲ್ಲುವುದು @ ಎಂಬ ಗುರುತು.

ಈ ಗುರುತು ವ್ಯಾಪಾರಸ್ಥರಿಗೆ ಅಪರಿಚಿತವಲ್ಲ. ಇಷ್ಟು ಗಜ ಬಟ್ಟೆ, ಗಜಕ್ಕೆ ಇಷ್ಟು ದರ ಎಂದು ಬಿಲ್ಲಿನಲ್ಲಿ ಬರೆಯುವಾಗ 'ದರದಂತೆ' ಎಂಬ ಅರ್ಥದಲ್ಲಿ ಇದನ್ನೇ ಹಾಕುವ ವಾಡಿಕೆಯುಂಟು. ನಮ್ಮ ಕಡೆ ಇದನ್ನು 'ಅಟ್ ದಿ ರೇಟ್' ಎಂದು ಓದುವುದೂ ಆ ಕಾರಣದಿಂದಲೇ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಯಂತ್ರದಿಂದ ಮತ್ತೊಂದಕ್ಕೆ ಪತ್ರ ಕಳುಹಿಸುವ ಪ್ರಯೋಗ ನಡೆಸಿದಾಗ, ಯಾರ ಹೆಸರಿನಲ್ಲಿಯೂ ಬಾರದ ಒಂದು ಗುರುತು ಅವರಿಗೆ ಬೇಕಾಗಿತ್ತು. ಇಂಗ್ಲಿಷಿನಲ್ಲಿ 'ಇಂಥ ಕಡೆ' ಎಂಬ ಅರ್ಥವನ್ನೂ ಕೊಡುವ ಈ ಲೆಕ್ಕದ ಚಿಹ್ನೆಯನ್ನು ಅವರು ಆರಿಸಿಕೊಂಡರು. 'ಇಂಥವರು, ಇಂಥ ಕಡೆ' ಎಂಬುದಷ್ಟೇ ಅದರ ತಾತ್ಪರ್ಯ.

ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೂ ಪತ್ರ ತಲಪುವುದಿಲ್ಲ. ಅಥವಾ ಬೇರೆ ಯಾರಿಗೋ ತಲಪುತ್ತದೆ. ಊರಿನ ಅಂಚೆಯವನಂತೆ "ಇದು ಅವರ ಮನೆಯದೇ ಇರಬೇಕು" ಎಂದು ಊಹಿಸುವ ದಯೆ ಯಂತ್ರಕ್ಕಿಲ್ಲ. ವಿಳಾಸದ ನಡುವೆ ತೆರಪು ಬಿಡಬಾರದು. ಅನ್ಯ ಲಿಪಿಗಳಲ್ಲಿಯೂ ವಿಳಾಸ ಬರೆಯಬಹುದೆಂಬ ಅಂತರರಾಷ್ಟ್ರೀಯ ನಿಯಮ 2012ರಲ್ಲಿಯೇ ಸಿದ್ಧವಾಗಿದ್ದರೂ, ರೂಢಿಯಲ್ಲಿರುವ ವಿಳಾಸಗಳು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳವೇ. ಆದರೆ ಪತ್ರದ ಒಡಲನ್ನು ಅಚ್ಚ ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಹಿಂದೆ, ಬರೆದವರ ಕಡೆ ಇದ್ದ ಅಕ್ಷರಶೈಲಿ ಓದುವವರ ಕಡೆ ಇಲ್ಲದಿದ್ದರೆ ಕನ್ನಡವು ಗೀಚುಗೆರೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಏಕರೂಪದ ವ್ಯವಸ್ಥೆ ಬಳಕೆಗೆ ಬಂದ ಮೇಲೆ ಆ ತೊಡಕು ನೀಗಿತು.

ಹಳೆಯ ಒಕ್ಕಣೆ, ಹೊಸ ಹಾಳೆ

ಶಾಲೆಯಲ್ಲಿ ರಜಾ ಅರ್ಜಿ ಬರೆದ ಯಾರಿಗಾದರೂ ಇ-ಮೇಲಿನ ಹಾಳೆ ಪರಿಚಿತವಾಗಿಯೇ ತೋರುತ್ತದೆ. 'ಇಂದ' ಎಂಬಲ್ಲಿ ಬರೆಯುವವರ ವಿಳಾಸ ತಾನಾಗಿಯೇ ಮೂಡುತ್ತದೆ. 'ಗೆ' ಎಂಬಲ್ಲಿ ಪಡೆಯುವವರ ವಿಳಾಸವನ್ನು ಬರೆಯಬೇಕು. ಅದರ ಕೆಳಗಿನದು 'ವಿಷಯ'. ಇದನ್ನು ಖಾಲಿ ಬಿಡುವುದು ಹಲವರ ಅಭ್ಯಾಸ, ಅದು ತರವಲ್ಲ. ನೂರಾರು ಪತ್ರಗಳು ಬರುವ ಕಚೇರಿಯಲ್ಲಿ ಗುಮಾಸ್ತರು ಮೊದಲು ನೋಡುವುದು ಆ ಒಂದು ಸಾಲನ್ನೇ. 'ಅರ್ಜಿ' ಎಂದಷ್ಟೇ ಬರೆಯುವುದಕ್ಕಿಂತ 'ಪಿಂಚಣಿ ಬಾಕಿಯ ಬಗ್ಗೆ ಮನವಿ' ಎಂದು ಬರೆದರೆ ಪತ್ರ ಬೇಗ ಗಮನಕ್ಕೆ ಬಂದೀತು.

'ಸಿಸಿ' ಎಂಬ ಎರಡಕ್ಷರ ಅನೇಕರನ್ನು ಗಾಬರಿಗೊಳಿಸುತ್ತದೆ. ಅದು ಕಾರ್ಬನ್ ಕಾಪಿಯ ಸಂಕ್ಷೇಪ. ಬೆರಳಚ್ಚು ಯಂತ್ರದಲ್ಲಿ ಎರಡು ಹಾಳೆಗಳ ನಡುವೆ ಕಾರ್ಬನ್ ಕಾಗದವನ್ನಿಟ್ಟು ಪ್ರತಿ ತೆಗೆಯುತ್ತಿದ್ದ ದಿನಗಳ ನೆನಪು ಇಲ್ಲಿ ಉಳಿದುಕೊಂಡಿದೆ. ತಾಲ್ಲೂಕು ಕಚೇರಿಯ ಪತ್ರಗಳ ಕೊನೆಯಲ್ಲಿ 'ಪ್ರತಿ: ಮಾಹಿತಿಗಾಗಿ' ಎಂದಿರುವುದಲ್ಲವೇ? ಇದೂ ಅದೇ. 'ಬಿಸಿಸಿ' ಎಂಬುದು ಗುಪ್ತಪ್ರತಿ. ಅದನ್ನು ಪಡೆದವರ ಹೆಸರು ಉಳಿದವರಿಗೆ ಕಾಣುವುದಿಲ್ಲ. ಮದುವೆಯ ಆಹ್ವಾನವನ್ನು ನೂರು ಜನಕ್ಕೆ ಕಳುಹಿಸುವಾಗ ಎಲ್ಲರ ವಿಳಾಸವನ್ನೂ ಎಲ್ಲರಿಗೂ ಬಯಲುಮಾಡದಿರಲು ಇದೇ ಯೋಗ್ಯ ಮಾರ್ಗ.

ಅರ್ಜಿಯೊಡನೆ ಪಹಣಿಯನ್ನೋ ಅಂಕಪಟ್ಟಿಯನ್ನೋ ಲಗತ್ತಿಸುವುದುಂಟು. ಇಲ್ಲಿ ಗುಂಡುಸೂಜಿಯ ಬದಲು ಪೇಪರ್ ಕ್ಲಿಪ್ಪಿನ ಚಿತ್ರವಿರುತ್ತದೆ. ಅದನ್ನೊತ್ತಿ ಬೇಕಾದ ಕಾಗದದ ಚಿತ್ರವನ್ನು ಆರಿಸಬೇಕು. ಜಿಮೇಲಿನಲ್ಲಿ ಒಂದು ಪತ್ರದೊಡನೆ 25 ಎಂಬಿಯವರೆಗೆ ಲಗತ್ತಿಸಬಹುದು. ಸಾಧಾರಣ ದಾಖಲೆಗಳಿಗೆ ಇದು ಧಾರಾಳವಾಯಿತು. ಉತ್ತರಿಸುವಾಗ ಮಾತ್ರ ಒಂದು ಎಚ್ಚರಿಕೆ ಬೇಕು. 'ಉತ್ತರ' ಎಂಬುದು ಬರೆದವರೊಬ್ಬರಿಗೆ ಹೋಗುತ್ತದೆ. 'ಎಲ್ಲರಿಗೂ ಉತ್ತರ' ಎಂಬುದು ಪ್ರತಿ ಪಡೆದವರೆಲ್ಲರಿಗೂ ಹೋಗುತ್ತದೆ. ಬೀಗರ ಬಗೆಗಿನ ಟೀಕೆಯು ಬೀಗರಿಗೇ ತಲಪುವ ಅನಾಹುತಕ್ಕೆ ಈ ಭೇದವನ್ನರಿಯದಿರುವುದೇ ಮೂಲ.

ಬೀಗದ ಕೈ ಯಾರ ಬಳಿ?

ಇಷ್ಟೆಲ್ಲವೂ ಹಳೆಯ ವಿದ್ಯೆಯ ಹೊಸ ಉಡುಪು. ನಿಜವಾಗಿ ಹೊಸದಾದುದು ಒಂದೇ: ಗುಪ್ತಪದ, ಎಂದರೆ ಪಾಸ್‌ವರ್ಡ್. ಪತ್ರಗಳು ಇರುವುದು ಕೈಯಲ್ಲಿರುವ ಫೋನಿನಲ್ಲಿ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಎಲ್ಲಿಯೋ ದೂರದಲ್ಲಿರುವ ಸಂಸ್ಥೆಯ ಯಂತ್ರಗಳಲ್ಲಿರುತ್ತವೆ. ಬೆಂಗಳೂರಿನಲ್ಲಿ ಶಾಲಾ ವ್ಯಾಸಂಗ ಮಾಡಿದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಆರಂಭಿಸಿದ 'ಹಾಟ್‌ಮೇಲ್' ಜನಪ್ರಿಯಗೊಳಿಸಿದುದು ಈ ಸೌಕರ್ಯವನ್ನೇ: ಅಂತರಜಾಲವಿರುವ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಪತ್ರಗಳನ್ನು ಓದಬಹುದು. ಆದುದರಿಂದ ಫೋನು ಕಳೆದರೆ ಪತ್ರಗಳು ಕಳೆಯವು. ಬೀಗದ ಕೈ ಕಳೆದರೆ ಎಲ್ಲವೂ ಹೋದಂತೆಯೇ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳನ್ನಿಟ್ಟುಕೊಂಡ ನೇಕಾರರು. ಮಗಳು ಪದವಿ ಮುಗಿಸಿದ್ದಾಳೆ. ಉದ್ಯೋಗದ ಅರ್ಜಿಗೆ ಇ-ಮೇಲ್ ವಿಳಾಸ ಬೇಕೆಂದು ಬಸ್ ನಿಲ್ದಾಣದ ಬಳಿಯ ಒಂದು ಅಂಗಡಿಗೆ ಹೋದರು. ಅಂಗಡಿಯ ಹುಡುಗ ಸದುದ್ದೇಶದಿಂದಲೇ ಐದು ನಿಮಿಷದಲ್ಲಿ ಖಾತೆ ತೆರೆದು, ಗುಪ್ತಪದವನ್ನೂ ತಾನೇ ಇಟ್ಟು, ಫೋನ್ ಸಂಖ್ಯೆ ಕೇಳಿದಲ್ಲಿ ತನ್ನದನ್ನೇ ತುಂಬಿದ. ಎರಡು ತಿಂಗಳ ಬಳಿಕ ಸಂದರ್ಶನದ ಕರೆ ಬಂತು. ಬಂದುದು ಆ ಪೆಟ್ಟಿಗೆಗೆ. ಗುಪ್ತಪದ ಯಾರಿಗೂ ನೆನಪಿಲ್ಲ. ಹೊಸದನ್ನು ಪಡೆಯಲು ಬೇಕಾದ ಸಂಕೇತವು ಹುಡುಗನ ಫೋನಿಗೆ ಹೋಗುತ್ತದೆ. ಹುಡುಗ ಅಂಗಡಿ ಬಿಟ್ಟು ಎಲ್ಲಿಗೋ ಹೋಗಿದ್ದಾನೆ. ಸಂದರ್ಶನದ ದಿನ ಕಳೆದುಹೋಗುತ್ತದೆ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ನಷ್ಟ ಮಾತ್ರ ಪೂರ್ತಿಯಾದುದು.

ಹಿಂದೆ ಸ್ವಂತ ವಿಳಾಸವಿಲ್ಲದವರು 'ಮೂಲಕ' ಎಂದು ಬರೆದು ಅಂಗಡಿಯವರ ವಿಳಾಸ ಕೊಡುತ್ತಿದ್ದರು. ಇನ್ನೊಬ್ಬರ ಫೋನ್ ಸಂಖ್ಯೆಗೆ ಕಟ್ಟಿಹಾಕಿದ ಖಾತೆಯೂ ಅಂಥ 'ಮೂಲಕ'ದ ವಿಳಾಸವೇ. ಖಾತೆ ತೆರೆಯುವಾಗ ಯಾರ ನೆರವನ್ನಾದರೂ ಪಡೆಯಬಹುದು. ಆದರೆ ಫೋನ್ ಸಂಖ್ಯೆ ತನ್ನದೇ ಆಗಿರಬೇಕು, ಗುಪ್ತಪದವನ್ನು ತನ್ನ ಕೈಯಿಂದಲೇ ಒತ್ತಬೇಕು. ಹೆಸರು, ಹುಟ್ಟಿದ ವರ್ಷ ಇವು ಗುಪ್ತಪದಕ್ಕೆ ಸಲ್ಲವು. ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಅದನ್ನು ಒಂದು ಪುಸ್ತಕದಲ್ಲಿ ಬರೆದು ಒಡವೆಯೊಡನೆ ಬೀರುವಿನಲ್ಲಿಡುವುದು ತಪ್ಪಲ್ಲ. ಫೋನಿನ ಬೆನ್ನಿಗೆ ಚೀಟಿ ಅಂಟಿಸುವುದು ತಪ್ಪು. ಇನ್ನೊಂದು ಸಂಗತಿ: ಎರಡು ವರ್ಷ ಒಮ್ಮೆಯೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಆರಂಭಿಸಿತು. ವಾರಕ್ಕೊಮ್ಮೆಯಾದರೂ ಪೆಟ್ಟಿಗೆಯನ್ನು ತೆರೆದು ನೋಡುವುದು ಒಳ್ಳೆಯದು.

ಕಪಟಪತ್ರಗಳು

ವಿಮಾನ ನಿಲ್ದಾಣವು 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದಂದಿನಿಂದ ಆ ಸೀಮೆಯ ತರುಣರಿಗೆ ಅಲ್ಲಿ ಕೆಲಸ ದೊರೆಯಬೇಕೆಂಬ ಆಸೆ ಸಹಜ. ಅಂಥ ಆಸೆಯನ್ನೇ ಗಾಳವಾಗಿಸಿ, ನೇಮಕವಾಗಿದೆ, ಠೇವಣಿ ಕಳುಹಿಸಿ ಎಂದು ಬರೆಯುವ ವಂಚಕರಿದ್ದಾರೆ. ಕೆಲಸ ಕೊಡುವ ಮುನ್ನ ಹಣ ಕೇಳುವ ಪತ್ರವನ್ನು ನಂಬಬಾರದು. ಬರೆದವರ ಹೆಸರನ್ನಲ್ಲ, ವಿಳಾಸದ ಕೊನೆಯ ತುದಿಯನ್ನು ಪರೀಕ್ಷಿಸಬೇಕು. ಸರ್ಕಾರಿ ಕಚೇರಿಗಳ ಅಧಿಕೃತ ವಿಳಾಸಗಳು ಸಾಮಾನ್ಯವಾಗಿ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತವೆ. ಆ ಅಕ್ಷರಗಳು ನಡುವೆಲ್ಲೋ ಬಂದು ತುದಿಯಲ್ಲಿ ಬೇರೇನೋ ಇದ್ದರೆ ಅನುಮಾನಿಸಬೇಕು. ಫೋನಿಗೆ ಬರುವ ಸಂಕೇತಸಂಖ್ಯೆಯನ್ನು ಕೇಳುವ ಹಕ್ಕು ಬ್ಯಾಂಕಿನವರಿಗೂ ಇಲ್ಲ. ಹಣ ಹೋದುದೇ ಆದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕು; ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕುಗ್ಗುತ್ತದೆ.

ಕಲಿಸುವವರು ಯಾರು?

ಕೇಂದ್ರ ಸರ್ಕಾರವು 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ಆರಂಭಿಸಿ, ಆರು ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಮನೆಗೊಬ್ಬರಂತೆ ತರಬೇತಿ ನೀಡುವ ಗುರಿಯನ್ನಿಟ್ಟುಕೊಂಡಿತ್ತು. 20 ಗಂಟೆಗಳ ಆ ಪಾಠಕ್ರಮದಲ್ಲಿ ಇ-ಮೇಲ್ ಕಳುಹಿಸುವುದೂ ಸೇರಿತ್ತು. 2024ರ ಮಾರ್ಚಿಗೆ ಅದು ಮುಕ್ತಾಯವಾಯಿತು. ಅದರ ವಯೋಮಿತಿ 14ರಿಂದ 60. ಪಿಂಚಣಿಯ ಪತ್ರಕ್ಕಾಗಿ ಕಾಯುವ ವಯಸ್ಸಿನವರು ಆ ಮಿತಿಯ ಆಚೆಗೇ ಉಳಿದರು. ಈಗ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿವೆ. ಕಂಪ್ಯೂಟರ್ ಇರುವಲ್ಲಿ ಅಭ್ಯಾಸಕ್ಕೆ ಕೇಳಬಹುದು. ಆದರೂ ಹಿರಿಯರಿಗೆ ಉತ್ತಮ ಪಾಠಶಾಲೆ ಮನೆಯೇ.

ಅದಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ದಿನ ತನಗೆ ತಾನೇ ಒಂದು ಪತ್ರ ಬರೆದು ಕಳುಹಿಸುವುದು. ಹೋದುದೂ ಬಂದುದೂ ಒಂದೇ ಕಡೆ ಕಾಣುವುದರಿಂದ ಭಯ ಕಳೆಯುತ್ತದೆ. ಎರಡನೆಯ ದಿನ ಮಗಳ ಪತ್ರಕ್ಕೆ ಉತ್ತರ. ಮೂರನೆಯ ದಿನ ವಿದ್ಯುತ್ ಬಿಲ್ಲಿನ ಚಿತ್ರ ತೆಗೆದು ಲಗತ್ತಿಸುವುದು. ನಾಲ್ಕನೆಯ ದಿನ 'ಸ್ಪ್ಯಾಮ್' ಎಂಬ ಕಸದ ಬುಟ್ಟಿಯನ್ನು ಶೋಧಿಸುವುದು. ಒಮ್ಮೊಮ್ಮೆ ಬೇಕಾದ ಪತ್ರವೂ ಅಲ್ಲಿ ಬಿದ್ದಿರುತ್ತದೆ. ಐದನೆಯ ದಿನ ಖಾತೆಯಿಂದ ಪೂರ್ತಿ ಹೊರಬಂದು, ಗುಪ್ತಪದವನ್ನು ತಾನೇ ಒತ್ತಿ ಪುನಃ ಒಳಹೋಗುವುದು. ಈ ಐದನೆಯ ಪಾಠವೇ ಪರೀಕ್ಷೆ. ಇದರಲ್ಲಿ ತೇರ್ಗಡೆಯಾದವರು ಉಳಿದುದನ್ನು ತಾವೇ ಕಲಿತುಕೊಳ್ಳುತ್ತಾರೆ.

ಕಲಿಸುವ ಮಕ್ಕಳಿಗೂ ಒಂದು ಕಟ್ಟಳೆ ಅಗತ್ಯ. ತಾಯಿಯ ಬೆರಳು ತಡವರಿಸಿದೊಡನೆ ಫೋನನ್ನು ಕಿತ್ತುಕೊಂಡು ತಾವೇ ಒತ್ತಬಾರದು. ಬಾಯಿಯಲ್ಲಿ ಹೇಳಬೇಕು, ಕೈಯನ್ನು ಕಟ್ಟಿಕೊಂಡು ಕುಳಿತಿರಬೇಕು. ಅದೇ ತಾಯಿಯೇ ಒಂದು ಕಾಲದಲ್ಲಿ ಅವರ ಕೈಯನ್ನು ಹಿಡಿದು 'ಅ' ತಿದ್ದಿಸಿದ್ದಳು. ತಿದ್ದಿಸಿದ ಮೇಲೆ ಬಳಪವನ್ನು ಅವರ ಕೈಗೇ ಬಿಟ್ಟಿದ್ದಳು.