ನಮ್ಮ ಮೈಯ ಲೆಕ್ಕ ನಮ್ಮೂರಲ್ಲೇ ಇರಲಿ



ಕಣ್ಣಿಗೆ ಕಾಣದ್ದು, ನಾಲಿಗೆಗೆ ರುಚಿ ಹತ್ತದ್ದು ಮೈಯೊಳಗಿಳಿದು ಇಪ್ಪತ್ತು ವರ್ಷದ ಮೇಲೆ ಮುಖ ತೋರಿಸಬಲ್ಲದು ಎಂಬುದನ್ನು ನಮ್ಮ ಸೊಕ್ಕೆ ಹೋಬಳಿಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಫ್ಲೋರೈಡ್ ಅದನ್ನು ಕಲಿಸಿದೆ. ಕೊಳವೆಬಾವಿ ಆಳಕ್ಕಿಳಿದಂತೆಲ್ಲ ನೀರು ತಿಳಿಯಾಗೇ ಬಂತು, ಕುಡಿದೆವು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿತು, ದೊಡ್ಡವರ ಮಂಡಿ ಹಿಡಿಯಿತು, ಬೆನ್ನು ಬಾಗಿತು. ನಮ್ಮವ್ವ ಐವತ್ತು ದಾಟುವಷ್ಟರಲ್ಲಿ ಕತ್ತು ತಿರುಗಿಸಲಾರದೆ ಇಡೀ ಮೈ ತಿರುಗಿಸಿ ಮಾತಾಡಿಸುತ್ತಿದ್ದಳು. ದೊಡ್ಡಾಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಮೂರು ಪ್ರಶ್ನೆ ಕೇಳಿದರು: ಯಾವ ಬಾವಿಯ ನೀರು, ಎಷ್ಟು ವರ್ಷ ಕುಡಿದರು, ಆಗ ನೀರು ಪರೀಕ್ಷೆ ಮಾಡಿಸಿದ್ದಿರಾ? ಮೂರಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಬಾವಿ ಬತ್ತಿ ಮುಚ್ಚಿಹೋಗಿತ್ತು. ಬರೆದಿಟ್ಟವರು ಯಾರೂ ಇರಲಿಲ್ಲ.

ಅಣುಶಕ್ತಿಯ ಬಗ್ಗೆ ಈ ಕರಪತ್ರ ಬರೆಯುವಾಗ ಆ ಮೂರು ಪ್ರಶ್ನೆಗಳೇ ನನ್ನ ಕಿವಿಯಲ್ಲಿವೆ.

ನಾಯಕನಹಟ್ಟಿ ತೇರಿಗೆ ಹೋಗುವವರೆಲ್ಲ ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳನ್ನು ಬಲ್ಲಿರಿ. ದನ, ಕುರಿ ಮೇಯುತ್ತಿದ್ದ ಆ ಹುಲ್ಲುಗಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಉಳ್ಳಾರ್ತಿ ಕಾವಲಿನ ಸುಮಾರು 1,800 ಎಕರೆ ಕೊಡಲಾಗಿದೆ. ಅಲ್ಲಿಗೆಂದು ಯೋಜಿಸಿದ್ದು ಯುರೇನಿಯಂ ಸಂವರ್ಧನೆಯ ಘಟಕ. ಯಾರೂ ಸುಳ್ಳು ಭಯ ಹರಡಬಾರದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಂಥ ಘಟಕ ಚೆರ್ನೋಬಿಲ್‌ನಲ್ಲಿ ಸಿಡಿದಂಥ ರಿಯಾಕ್ಟರ್ ಅಲ್ಲ. ಅದರ ಅಪಾಯದ ಬಗೆ ಬೇರೆ. ಅಲ್ಲಿ ಬಳಸುವ ಯುರೇನಿಯಂ ಹೆಕ್ಸಾಫ್ಲೋರೈಡ್ ಸೋರಿ ಗಾಳಿಯ ತೇವ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟಿ ಶ್ವಾಸಕೋಶ ಸುಡುತ್ತದೆ. ನಮಗೆ ಹಳೆಯ ಪರಿಚಯದ ಫ್ಲೋರೈಡೇ, ಬೇರೆ ವೇಷದಲ್ಲಿ. 1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮಾ ರಾಜ್ಯದ ಗೋರ್ ಎಂಬಲ್ಲಿ ಇದೇ ಹೆಕ್ಸಾಫ್ಲೋರೈಡನ್ನು ಮಿತಿಮೀರಿ ತುಂಬಿದ್ದ ಸಿಲಿಂಡರ್ ಕಾಯಿಸುವಾಗ ಒಡೆದು ಒಬ್ಬ ಕೆಲಸಗಾರ ಸತ್ತ. ಯುರೇನಿಯಂ ಒಳಗೆ ಹೋದರೆ ಮೊದಲು ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಜಪಾನಿನ ತೊಕೈಮುರಾದಲ್ಲೂ ರಿಯಾಕ್ಟರ್ ಕೆಟ್ಟಿದ್ದಲ್ಲ. 1999ರ ಸೆಪ್ಟೆಂಬರ್ 30ರಂದು ಇಂಧನ ತಯಾರಿಸುವ ಘಟಕದಲ್ಲಿ ಯುರೇನಿಯಂ ದ್ರಾವಣವನ್ನು ಬಕೆಟ್ಟಿನಿಂದ ತೊಟ್ಟಿಗೆ ಸುರಿದರು. ವಿಕಿರಣ ತಗುಲಿ ಇಬ್ಬರು ಕೆಲಸಗಾರರು ತಿಂಗಳುಗಟ್ಟಲೆ ನರಳಿ ಸತ್ತರು. 10 ಕಿ.ಮೀ. ಸುತ್ತಲಿನ ಮೂರು ಲಕ್ಷಕ್ಕೂ ಹೆಚ್ಚು ಜನ ಬಾಗಿಲು ಹಾಕಿಕೊಂಡು ಕೂರಬೇಕಾಯಿತು.

ನಮ್ಮ ರಾಜ್ಯದ ರಿಯಾಕ್ಟರುಗಳಿರುವುದು ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ. 220 ಮೆಗಾವಾಟಿನ ನಾಲ್ಕು ಘಟಕಗಳಿವೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರೀಷಿಯಂ ಇದ್ದ ಭಾರಜಲ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಒಳಗಿನವರೇ ಯಾರೋ ಬೆರೆಸಿದ್ದು ಎಂದು ಅಧಿಕಾರಿಗಳೇ ಹೇಳಿದರು. ಮೈಗೆ ಸೇರಿದ್ದು ಗೊತ್ತಾದದ್ದು ಹೇಗೆ? ನೌಕರರ ಮೂತ್ರವನ್ನು ತಪ್ಪದೆ ಪರೀಕ್ಷಿಸುವ ಪದ್ಧತಿ ಅಲ್ಲಿತ್ತು. ಹಿಂದಿನ ಅಂಕಿ ಪುಸ್ತಕದಲ್ಲಿತ್ತು, ಹೊಸದು ಏರಿದ್ದು ಕಣ್ಣಿಗೆ ಬಿತ್ತು, ಚಿಕಿತ್ಸೆ ಸಿಕ್ಕಿತು. ಅದೇ ನೀರನ್ನು ಬೇಲಿಯಾಚೆಯ ರೈತನೊಬ್ಬ ಕುಡಿದಿದ್ದರೆ ಅವನ ಮೈಯ ಹಿಂದಿನ ಅಂಕಿ ಯಾವ ಪುಸ್ತಕದಲ್ಲಿ ಸಿಗುತ್ತಿತ್ತು?

ಚೆರ್ನೋಬಿಲ್‌ನ ಪಾಠ ಹಾಲಿನದು. 1986ರ ಏಪ್ರಿಲ್ 26ರ ಸ್ಫೋಟದಿಂದ ಹಾರಿದ ವಿಕಿರಣ ಅಯೋಡಿನ್ ಹುಲ್ಲಿನ ಮೇಲೆ ಕೂತಿತು, ಹಸು ಮೇಯ್ದಿತು, ಮಕ್ಕಳು ಹಾಲು ಕುಡಿದರು. ಗಂಟಲಿನ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುತ್ತದೆ. ಮಗುವಿನದು ಪುಟ್ಟ ಗ್ರಂಥಿ, ಆದ್ದರಿಂದ ಬೀಳುವ ಪೆಟ್ಟು ದೊಡ್ಡದು. ಆ ಅಯೋಡಿನ್ನಿನ ತೀವ್ರತೆ ಎಂಟೆಂಟು ದಿನಕ್ಕೆ ಅರ್ಧವಾಗುತ್ತ ಹೋಗುತ್ತದೆ. ಕೆಲವು ವಾರ ಹಾಲು ನಿಲ್ಲಿಸಿದ್ದರೆ ಸಾಕಿತ್ತು. ಸೋವಿಯತ್ ಸರ್ಕಾರ ಹಳ್ಳಿಗರಿಗೆ ಸಕಾಲಕ್ಕೆ ಹೇಳಲಿಲ್ಲ. ಬೆಲಾರುಸ್, ಉಕ್ರೇನ್, ರಷ್ಯಾದ ಆ ಸೀಮೆಗಳಲ್ಲಿ ಅಂದು ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡವು, ಅದರಲ್ಲಿ ದೊಡ್ಡ ಪಾಲು ಆ ಹಾಲಿನದೇ. ಹೊತ್ತಿಗೆ ಚಿಕಿತ್ಸೆ ಸಿಕ್ಕವರು ಬಹುತೇಕ ಬದುಕಿದ್ದಾರೆ, ಜೀವನಪರ್ಯಂತ ಮಾತ್ರೆ ನುಂಗುತ್ತ. ಪಕ್ಕದ ಪೋಲೆಂಡ್ ಮೂರ್ನಾಲ್ಕು ದಿನದೊಳಗೇ ಶುರುಮಾಡಿ ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಔಷಧಿ ಕುಡಿಸಿತು.

ದೂರ ಎಂಬ ಮಾತನ್ನೂ ಕುರಿ ಸಾಕುವ ನಾವು ಯೋಚಿಸಬೇಕು. ಚೆರ್ನೋಬಿಲ್‌ಗೆ 2,000 ಕಿ.ಮೀ.ಗೂ ಆಚೆ ಬ್ರಿಟನ್ನಿನ ವೇಲ್ಸ್ ಗುಡ್ಡಗಳಲ್ಲಿ ಮಳೆಯೊಡನೆ ವಿಕಿರಣ ಸೀಸಿಯಂ ಇಳಿಯಿತು. ಅದರ ಶಕ್ತಿ ಅರ್ಧವಾಗಲು ಮೂವತ್ತು ವರ್ಷ ಬೇಕು. ಅಲ್ಲಿನ ಕುರಿಗಾರರ ಮೇಲಿದ್ದ ಮಾರಾಟದ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ, ಇಪ್ಪತ್ತಾರು ವರ್ಷದ ನಂತರ.

ಲೆಕ್ಕ ಇಟ್ಟರೆ ಬರೀ ಕೆಟ್ಟ ಸುದ್ದಿ ಬರುತ್ತದೆಂದು ಹೆದರಬೇಡಿ. ಹಿರೋಷಿಮಾ, ನಾಗಾಸಾಕಿಯ ಅಣುಬಾಂಬಿನಿಂದ ಬದುಕುಳಿದವರೂ ಸೇರಿ ಸುಮಾರು 1,20,000 ಜನರ ಆರೋಗ್ಯದ ಲೆಕ್ಕವನ್ನು ಸಂಶೋಧಕರು 1950ರಿಂದ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದಾರೆ. ರಕ್ತದ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಹೆಚ್ಚಿದ್ದು, ಹೊಟ್ಟೆ, ಶ್ವಾಸಕೋಶ, ಸ್ತನದ ಗಡ್ಡೆಗಳು ದಶಕಗಳ ಮೇಲೂ ಹೆಚ್ಚಾಗಿ ಕಂಡದ್ದು ತಿಳಿದದ್ದು ಆ ಪುಸ್ತಕದಿಂದಲೇ. ಬದುಕುಳಿದವರ ಮಕ್ಕಳಿಗೆ ವಂಶದಿಂದ ರೋಗ ಇಳಿದು ಬಂದ ಗುರುತು ಕಾಣಲಿಲ್ಲ ಎಂದೂ ಅಂಥದೇ ಲೆಕ್ಕದ ಪುಸ್ತಕ ಹೇಳಿತು. ಅಲ್ಲಿಯವರೆಗೆ ಎಷ್ಟೋ ಹೆಣ್ಣುಮಕ್ಕಳ ಮದುವೆ ಬರೀ ಸಂಶಯಕ್ಕೆ ನಿಂತುಹೋಗಿದ್ದವು. ನಮ್ಮ ನೆರೆಯ ಕೇರಳದ ಕರುನಾಗಪ್ಪಳ್ಳಿಯಲ್ಲಿ ಕಡಲ ಮರಳಿನಲ್ಲೇ ವಿಕಿರಣವಿದೆ. ಅಲ್ಲಿನ ಮನೆಮನೆಯ ಕ್ಯಾನ್ಸರ್ ಲೆಕ್ಕ ಇಟ್ಟು ನೋಡಿದಾಗ ಮರಳಿನಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಹುಸಿ ಭಯವೂ ಕೊಲ್ಲುತ್ತದೆ. ಜಪಾನಿನ ಫುಕುಶಿಮಾದಲ್ಲಿ 2011ರ ಅಣು ಅವಘಡದ ನಂತರ ಆತುರದ ತೆರವು, ಊರು ಬಿಟ್ಟ ಕೊರಗು, ತಪ್ಪಿದ ಚಿಕಿತ್ಸೆ ಇವುಗಳಿಂದಲೇ 2,000ಕ್ಕೂ ಹೆಚ್ಚು ಸಾವು ದಾಖಲಾಗಿವೆ, ಹೆಚ್ಚಿನವರು ಮುದುಕರು.

ಇನ್ನು ಕಾನೂನು. 2010ರಲ್ಲಿ ನಮ್ಮ ಸಂಸತ್ತು ಮಾಡಿದ ಅಣು ಹಾನಿ ಹೊಣೆಗಾರಿಕೆ ಕಾಯ್ದೆ ದೇಹಕ್ಕಾದ ಹಾನಿಗೆ ಪರಿಹಾರ ಕೇಳಲು 20 ವರ್ಷದ ಗಡುವು ಹಾಕಿತು. ಇಪ್ಪತ್ತೈದನೇ ವರ್ಷಕ್ಕೆ ಗಡ್ಡೆ ಕಂಡವಳು ಎಲ್ಲಿಗೆ ಹೋಗಬೇಕು? ಗಡುವಿನೊಳಗೇ ಹೋದರೂ ಕಾಯಿಲೆ ಇದರಿಂದಲೇ ಬಂತೆಂದು ತೋರಿಸುವ ಕಾಗದ ಎಲ್ಲಿದೆ? ಭೋಪಾಲದ ಅನಿಲ ದುರಂತದ ದೀರ್ಘಕಾಲದ ಅಧ್ಯಯನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1994ರಲ್ಲಿ, ಹತ್ತೇ ವರ್ಷಕ್ಕೆ ನಿಲ್ಲಿಸಿತು. ಜನ ಮಾತ್ರ ಇನ್ನೂ ಕೆಮ್ಮುತ್ತಲೇ ಇದ್ದರು.

ನಾವು ಕೇಳುವುದು ದೊಡ್ಡದೇನಲ್ಲ. ಗರ್ಭಿಣಿಗೆ ತಾಯಿ ಕಾರ್ಡ್ ಇರುವ ಹಾಗೆ ಪ್ರತಿ ಮನೆಗೂ ಒಂದು ಆರೋಗ್ಯ ಪುಸ್ತಕ ಇರಲಿ. ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್, ಗರ್ಭಪಾತ, ಹುಟ್ಟಿನ ಊನ, ಮೂಳೆ ನೋವು, ಕುಡಿಯುವ ನೀರಿನ ಮೂಲ ಇಷ್ಟನ್ನು ಆಶಾ ಕಾರ್ಯಕರ್ತೆ ವರ್ಷಕ್ಕೊಮ್ಮೆ ಬರೆಯಲಿ. ಆ ಕೆಲಸಕ್ಕೆ ಆಕೆಗೆ ಬೇರೆಯಾಗಿ ಹಣ ಕೊಡಲಿ, ಈಗಿರುವ ಹೊರೆಯ ಮೇಲೆ ಹೇರಬಾರದು. ದಾವಣಗೆರೆಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಂದವರ ಚೀಟಿಗಳ ನಕಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಉಳಿಯಲಿ. ಕೆರೆ, ಕೊಳವೆಬಾವಿಯ ನೀರು, ಹಾಲು, ಹೊಲದ ಮಣ್ಣನ್ನು ಘಟಕದವರಲ್ಲದ ಬೇರೆ ಪ್ರಯೋಗಾಲಯ ವರ್ಷಕ್ಕೆರಡು ಸಲ ಪರೀಕ್ಷಿಸಿ ಯುರೇನಿಯಂ, ಫ್ಲೋರೈಡ್ ಎಷ್ಟಿದೆ ಎಂದು ಕನ್ನಡದಲ್ಲಿ ಪಂಚಾಯಿತಿ ಫಲಕಕ್ಕೆ ಅಂಟಿಸಲಿ. ಡೇರಿಯಲ್ಲಿ ದಿನಾ ಫ್ಯಾಟ್ ನೋಡುವ ನಾವು ಅದೇ ಹಾಲಿನಲ್ಲಿ ಇನ್ನೇನಿದೆ ಎಂದು ಕೇಳುವುದು ತಪ್ಪಾಗುತ್ತದೆಯೇ? ಪರಿಹಾರದ ಗಡುವು ಅವಘಡದ ದಿನದಿಂದಲ್ಲ, ಕಾಯಿಲೆ ಕಂಡ ದಿನದಿಂದ ಎಣಿಕೆಯಾಗಲಿ.

ಇದೆಲ್ಲ ಈಗಲೇ ಆಗಬೇಕು. ಅವಘಡದ ಮಾರನೇ ದಿನ ತೆಗೆದ ರಕ್ತ ನಿನ್ನೆ ಹೇಗಿತ್ತೆಂದು ಹೇಳುವುದಿಲ್ಲ. ಅಣುಶಕ್ತಿ ಬೇಕೆನ್ನುವವರೂ ಬೇಡವೆನ್ನುವವರೂ ಈ ಒಂದು ಬೇಡಿಕೆಗೆ ಒಟ್ಟಿಗೆ ಸಹಿ ಹಾಕಬಹುದು. ತುಂಗಭದ್ರೆಯ ನೀರು ನಮ್ಮ ಕೆರೆಗಳಿಗೆ ಬರಲೆಂದು ಪಕ್ಷ ಮರೆತು ನಿಂತವರು ನಾವು.

ಮುಂದಿನ ಗ್ರಾಮಸಭೆಗೆ ಬನ್ನಿ. ಬರುವಾಗ ಮನೆಯ ಟ್ರಂಕಿನಲ್ಲಿ, ಗೂಡಿನಲ್ಲಿ ಇಟ್ಟಿರುವ ಹಳೆಯ ಆಸ್ಪತ್ರೆ ಚೀಟಿ, ಎಕ್ಸ್‌ರೇ, ತಾಯಿ ಕಾರ್ಡ್ ತನ್ನಿ. ಮುಚ್ಚಿಹೋದ ಬಾವಿಗಳು ಎಲ್ಲೆಲ್ಲಿದ್ದವು, ಯಾವ ಕೇರಿಯವರು ಯಾವ ಬಾವಿಯ ನೀರು ಕುಡಿದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ತನ್ನಿ. ನಮ್ಮ ಪುಸ್ತಕದ ಮೊದಲ ಪುಟ ಅದರಿಂದಲೇ ಶುರುವಾಗಲಿ.