ಜಾರ್ಜ್ ಫರ್ನಾಂಡಿಸರೂ ನಮ್ಮ ಬಡಾವಣೆಯ ಸವಾರರೂ

ಜೀವ ವಿಮಾ ನಿಗಮದ ಕಾಲೊನಿಯಿಂದ ಹೆಸರು ಪಡೆದು, ಎಚ್.ಎ.ಎಲ್. ಕಾರ್ಖಾನೆಯ ನೆರೆಯಲ್ಲಿ ಬೆಳೆದ ಜೀವನ್ ಬಿಮಾ ನಗರದಲ್ಲಿ, ನಿಶ್ಚಿತ ವೇತನ, ಬೋನಸ್ಸು, ಪಿಂಚಣಿಗಳ ಆಶ್ರಯದಲ್ಲಿ ಮಕ್ಕಳನ್ನು ಓದಿಸಿ ನೆಲೆಗಾಣಿಸಿದ ಸಂಸಾರಗಳು ಅನೇಕವಿವೆ. ಆ ಮನೆಗಳ ಬಾಗಿಲಿಗೆ ಊಟದ ಪೊಟ್ಟಣವನ್ನು ತಂದುಕೊಟ್ಟು ಮುಂದಿನ ಆರ್ಡರಿಗೆ ಓಡುವ ತರುಣನಿಗಾದರೋ ಇವುಗಳಲ್ಲಿ ಒಂದೂ ಇಲ್ಲ. ಈ ಅಂತರವನ್ನು ಕಂಡಾಗಲೆಲ್ಲ ನನಗೆ ನೆನಪಾಗುವವರು ಜಾರ್ಜ್ ಫರ್ನಾಂಡಿಸರು; ರಕ್ಷಣಾ ಸಚಿವರಾದ ಫರ್ನಾಂಡಿಸರಲ್ಲ, ಬೊಂಬಾಯಿಯ ಚೌಪಾಟಿಯಲ್ಲಿ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದ ಫರ್ನಾಂಡಿಸರು.

1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರನ್ನು ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದ್ದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜಿನಲ್ಲಿ ಒಳ್ಳೆಯ ಊಟವೂ ವಿದ್ಯಾರ್ಥಿಗಳಿಗೆ ಬೇರೆಯ ಊಟವೂ ನಡೆಯುತ್ತಿದ್ದುದನ್ನು ಸಹಿಸಲಾರದೆ ಹೊರಬಿದ್ದು, ಮಂಗಳೂರಿನಲ್ಲಿ ಸಮಾಜವಾದಿ ಮುಂದಾಳು ಅಮ್ಮೆಂಬಳ ಬಾಳಪ್ಪನವರ ಸಂಗದಲ್ಲಿ ಹೋಟೆಲು, ಸಾರಿಗೆಯ ಕೆಲಸಗಾರರನ್ನು ಸಂಘಟಿಸಲು ಕಲಿತು, 1949ರಲ್ಲಿ ಬೊಂಬಾಯಿ ಸೇರಿದರು.

ಗಿರಣಿಯ ಕೆಲಸಗಾರರು ದಿನವೂ ಒಂದೇ ಗೇಟಿನ ಬಳಿ ಸೇರುವವರಾದ್ದರಿಂದ ಅವರೊಡನೆ ಮಾತಾಡಲು ಸ್ಥಳವಾದರೂ ಉಂಟು. ಊರೆಲ್ಲ ಚದುರಿ, ಒಬ್ಬೊಬ್ಬನೂ ತನ್ನ ಗಾಡಿಯೊಡನೆ ಏಕಾಕಿಯಾಗಿ ದುಡಿಯುವ ಟ್ಯಾಕ್ಸಿ ಚಾಲಕರನ್ನು ಒಂದು ಸಂಘದಲ್ಲಿ ಕೂಡಿಸುವುದು ಬೇರೆಯೇ ಬಗೆಯ ತಪಸ್ಸು. ಫರ್ನಾಂಡಿಸರು ಅದನ್ನು ಸಾಧಿಸಿದರು. ಅಷ್ಟಕ್ಕೇ ನಿಲ್ಲದೆ, ದುಡಿಯುವವರಿಗೆ ಸಾಲ ಸಿಗಲೆಂದು 1968ರಲ್ಲಿ ಸಹಕಾರಿ ಬ್ಯಾಂಕೊಂದನ್ನೂ ಕಟ್ಟಿದರು. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಪ್ರಬಲರನ್ನು ಅವರು ಸೋಲಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಆ ಬ್ಯಾಂಕಿನ ಮಾತನ್ನು ಹೇಳುವವರು ವಿರಳ. ನನ್ನ ಎಣಿಕೆಯಲ್ಲಿ ಅದೇ ಹಿರಿದು.

ಫರ್ನಾಂಡಿಸರು ಮುಂದಾಳಾಗಿದ್ದ 1974ರ ರೈಲ್ವೆ ಮುಷ್ಕರ ಮೇ 8ರಂದು ಆರಂಭವಾಗುವ ಮೊದಲೇ, ಮೇ 2ರಂದು, ಅವರು ಸೆರೆಯಾಗಿದ್ದರು. ಇಂಜಿನ್ ನಡೆಸುವವರಿಗೆ ಎಂಟು ಗಂಟೆಯ ದುಡಿಮೆ, ಬೋನಸ್ಸು, ಇತರ ಸಾರ್ವಜನಿಕ ಉದ್ಯಮಗಳಿಗೆ ಸಮನಾದ ಸಂಬಳ, ಇವು ಮುಖ್ಯ ಬೇಡಿಕೆಗಳು. ಸಾವಿರಾರು ಮಂದಿಯ ಬಂಧನ, ವಜಾಗಳ ನಡುವೆ ಮೂರು ವಾರವೂ ತುಂಬದೆ ಮುಷ್ಕರ ಮುರಿಯಿತು. ಸೋತಿತೆಂದು ಬರೆದವರು, 1979ರಲ್ಲಿ ರೈಲ್ವೆ ನೌಕರರಿಗೆ ಬೋನಸ್ಸು ದೊರೆತುದನ್ನೂ ಬರೆಯಬೇಕಿತ್ತು. ಫರ್ನಾಂಡಿಸರ ರಾಜಕೀಯದ ಉತ್ತರಾರ್ಧವನ್ನು ನಾನು ಒಪ್ಪಲಾರೆ. ಆದರೆ ಅದರಿಂದ ಈ ಪೂರ್ವಾರ್ಧದ ಋಣ ತೀರುವುದಿಲ್ಲ.

ಬೊಂಬಾಯಿಯ ಟ್ಯಾಕ್ಸಿ ಚಾಲಕನಂತೆಯೇ ಚದುರಿ ದುಡಿಯುವ ನಮ್ಮ ಸವಾರರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನನ್ನು ಮಾಡಿದೆ. ಕಾರ್ಮಿಕನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ತೆರಬೇಕೆಂಬುದು ಶ್ಲಾಘ್ಯವಾದ ವಿಧಿ. ಆದರೆ ಸಂಘವಿಲ್ಲದವನ ಕೈಯಲ್ಲಿ ಕಾನೂನು ಕಾಗದವಾಗಿಯೇ ಉಳಿದೀತು. ಈ ಕಾನೂನಿನ ಕಲ್ಯಾಣ ಮಂಡಳಿಯಲ್ಲಿ ಕೂರುವ ಕಾರ್ಮಿಕ ಪ್ರತಿನಿಧಿಗಳನ್ನು ನಾಮಕರಣ ಮಾಡುವ ಅಧಿಕಾರ ಸರ್ಕಾರದ ಕೈಯಲ್ಲಿದೆ. ಅದು ಸವಾರರ ಕೈಗೆ ಬರಬೇಕು. ಹೋಟೆಲುಗಳ ಮುಂದೆ ಆರ್ಡರಿಗಾಗಿ ಕಾಯುತ್ತ ನಿಂತಿರುವವರು ತಮ್ಮಲ್ಲೇ ಒಬ್ಬನನ್ನು ಆರಿಸಿ ಕಳುಹಿಸುವಂತೆ ನಿಯಮವನ್ನು ತಿದ್ದುವುದು ಮುಂದಿನ ಅಧಿವೇಶನದಲ್ಲೇ ಆಗಬಹುದಾದ ಕೆಲಸ. ನಮ್ಮ ಶಾಸಕರು ಅದನ್ನು ಕೈಗೆತ್ತಿಕೊಳ್ಳಲಿ.