ಅಪ್ಪನ ಟ್ರ್ಯಾಕ್ಟರು ಯಾರದು?

ವೃದ್ಧರಾದ ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಸಂಸಾರ ಹೂಡಿರುವ ನಮ್ಮಂಥ ವಿದ್ಯಾವಂತರಲ್ಲಿ ಈಚೆಗೆ ಒಂದು ಪದ್ಧತಿ ಬೇರೂರಿದೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುತ್ತೇವೆ. ಕಣದ ಮಗ್ಗುಲಲ್ಲಿ, ತಗಡಿನ ಮಾಡಿನ ಕೆಳಗೆ ನಿಂತಿರುವ ಹಳೆಯ ಟ್ರ್ಯಾಕ್ಟರು ಕಣ್ಣಿಗೆ ಬೀಳುತ್ತದೆ. ಅದರ ಸೀಟಿನ ಮೇಲೆ ಕೋಳಿ ಕೂತಿರುತ್ತದೆ. “ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?” ಎಂದು ಕೇಳುತ್ತೇವೆ. ಅಪ್ಪ ಏನೋ ಗೊಣಗುತ್ತಾರೆ. ಆ ಗೊಣಗಾಟವನ್ನು ಉತ್ತರವೆಂದು ಗಣಿಸುವ ಸೌಜನ್ಯ ನಮಗಿಲ್ಲ. ಅಣ್ಣತಮ್ಮಂದಿರು ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ. ದಲ್ಲಾಳಿಗೆ ಫೋಟೋ ಕಳುಹಿಸುತ್ತೇವೆ. ಮುಂದಿನ ಹಬ್ಬಕ್ಕೆ ಹೋಗುವ ಹೊತ್ತಿಗೆ ಮಾಡಿನ ಕೆಳಗೆ ಎಣ್ಣೆಯ ಕಲೆಯೊಂದೇ ಉಳಿದಿರುತ್ತದೆ.

ಇದನ್ನು ನಾವು ವ್ಯವಹಾರಜ್ಞಾನವೆನ್ನುತ್ತೇವೆ, ಮುಂದಾಲೋಚನೆ ಎನ್ನುತ್ತೇವೆ, ಧೈರ್ಯವಿದ್ದವರು ಪಿತೃಸೇವೆ ಎಂದೂ ಹೇಳಿಕೊಳ್ಳುವುದುಂಟು. ಅನ್ಯರ ಸೊತ್ತನ್ನು ಅವರ ಮನಸ್ಸಿಗೆ ವಿರೋಧವಾಗಿ ಮಾರುವುದಕ್ಕೆ ಲೋಕದಲ್ಲಿ ಬೇರೆ ಹೆಸರಿದೆ. ಆ ‘ಅನ್ಯರು’ ನಮ್ಮ ಅಪ್ಪನೇ ಆದ ಮಾತ್ರಕ್ಕೆ ಆ ಹೆಸರು ಬದಲಾಗುವುದೆಂದು ನನಗೆ ತೋರುವುದಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಹಳೆಯ ಟ್ರ್ಯಾಕ್ಟರನ್ನು ಮಾರಲೇಕೂಡದು ಎಂಬುದು ನನ್ನ ವಾದವಲ್ಲ. ಯಂತ್ರ ಹುಟ್ಟಿರುವುದು ದುಡಿಯುವುದಕ್ಕೆ. ದುಡಿಯದ ಯಂತ್ರವನ್ನು ದುಡಿಸಬಲ್ಲವನಿಗೆ ಕೊಡುವುದು ಒಳ್ಳೆಯ ಕೆಲಸವೇ. ನನ್ನ ಜಗಳವಿರುವುದು ಮಾರಾಟದ ಮೇಲಲ್ಲ, ಮಾರುವ ರೀತಿಯ ಮೇಲೆ.

ನಗರದಲ್ಲಿ ಬೆಳೆದ ವಾಚಕರಿಗೆ ಆ ಕಬ್ಬಿಣದ ಬೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂದು ಟ್ರ್ಯಾಕ್ಟರು ಹೇರಳವಾದ ವಸ್ತು. ೨೦೨೨-೨೩ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಮಾರಾಟವಾದವು. ಆದರೆ ೧೯೬೧ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಟ್ರ್ಯಾಕ್ಟರುಗಳ ಸಂಖ್ಯೆ ಒಂದು ಸಾವಿರವನ್ನೂ ಮುಟ್ಟಿರಲಿಲ್ಲ. ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರು ಹೊರಬಂದದ್ದು ೧೯೫೯ರಲ್ಲಿ. ಮದರಾಸಿನಲ್ಲಿ ಮ್ಯಾಸಿ ಫರ್ಗೂಸನ್ನರ ಸಹಯೋಗದ ಟ್ಯಾಫೆ ಕಂಪನಿ ಹುಟ್ಟಿದ್ದು ೧೯೬೦ರಲ್ಲಿ. ಕೈಯಲ್ಲಿ ಹಣವಿದ್ದರೂ ಹೆಸರು ಬರೆಸಿ ಕಾಯಬೇಕಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ ಹೊಲ ಒತ್ತೆಯಿಟ್ಟು, ಭೂ ಅಭಿವೃದ್ಧಿ ಬ್ಯಾಂಕಿನ ಮೆಟ್ಟಿಲು ಸವೆಸಿ, ಕಂತಿನ ಮೇಲೆ ಕಂತು ಕಟ್ಟಿ ಒಬ್ಬ ರೈತ ಮನೆಗೆ ತಂದ ವಾಹನ ಅವನಿಗೆ ಬರಿಯ ವಾಹನವಾಗಿರಲಿಲ್ಲ. ಮಕ್ಕಳನ್ನು ಓದಿಸಿದ್ದು ಅದು. ಅಕ್ಕಪಕ್ಕದ ಗದ್ದೆಗಳಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹೋಗಿ ಅದು ದುಡಿದ ಹಣದಿಂದ ಕಾಲೇಜಿನ ಫೀಜು ಕಟ್ಟಿಸಿಕೊಂಡವರೇ ಇಂದು ಅದನ್ನು ‘ಹಳೇ ಕಬ್ಬಿಣ’ ಎನ್ನುತ್ತಿದ್ದೇವೆ.

ನಮ್ಮ ರುಚಿಯ ವೈಚಿತ್ರ್ಯವನ್ನು ನೋಡಿ. ಬೆಂಗಳೂರಿನಲ್ಲಿ ೧೯೫೩ರಲ್ಲಿ ಹುಟ್ಟಿದ ಎಚ್‌ಎಂಟಿ ಸಂಸ್ಥೆ ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ೧೯೭೧ರಲ್ಲಿ ಅದೇ ಸಂಸ್ಥೆ ಚೆಕೊಸ್ಲೊವಾಕಿಯದ ಜೆಟರ್ ಮಾದರಿಯ ಟ್ರ್ಯಾಕ್ಟರನ್ನು ಹರಿಯಾಣದ ಪಿಂಜೋರಿನಲ್ಲಿ ತಯಾರಿಸಲಾರಂಭಿಸಿತು. ಎರಡು ಸಿಲಿಂಡರಿನ, ಇಪ್ಪತ್ತೈದು ಅಶ್ವಶಕ್ತಿಯ ಗಟ್ಟಿ ಯಂತ್ರ. ೨೦೧೬ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ಕಂಪನಿ, ಟ್ರ್ಯಾಕ್ಟರಿನ ಕಾರ್ಖಾನೆ ಎರಡನ್ನೂ ಮುಚ್ಚುವ ತೀರ್ಮಾನ ಕೈಗೊಂಡಿತು. ಆಗ ನಾವು ಮರುಗಿದ್ದು ಯಾವುದಕ್ಕೆ? ಗಡಿಯಾರಕ್ಕೆ. ಅಪ್ಪನ ‘ಜನತಾ’ ಗಡಿಯಾರವನ್ನು ಹುಡುಕಿ ತೆಗೆದು, ರಿಪೇರಿ ಮಾಡಿಸಿ, ಹೊಸ ಪಟ್ಟಿ ಹಾಕಿಸಿ ಕೈಗೆ ಕಟ್ಟಿಕೊಂಡೆವು; ಸ್ನೇಹಿತರಿಗೆ ತೋರಿಸಿ ಹೆಮ್ಮೆಪಟ್ಟೆವು. ಅದೇ ಸಂಸ್ಥೆಯ ಮುದ್ರೆ ಹೊತ್ತ, ಅದೇ ಅಪ್ಪನ ಬೆವರು ಕುಡಿದ ಟ್ರ್ಯಾಕ್ಟರನ್ನು ಮಾತ್ರ ತೂಕಕ್ಕೆ ಹಾಕಿದೆವು. ಗಡಿಯಾರ ಮಣಿಕಟ್ಟಿಗೆ ಹೊಂದುತ್ತದೆ, ಟ್ರ್ಯಾಕ್ಟರು ಅಪಾರ್ಟ್‌ಮೆಂಟಿಗೆ ಹೊಂದುವುದಿಲ್ಲ. ನಮ್ಮ ಸ್ಮರಣೆಯ ಅಳತೆ ಇಷ್ಟೇ.

ಕಾನೂನಿನ ದೃಷ್ಟಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಐವತ್ತು ವರ್ಷ ದಾಟಿದ ಹಳೆಯ ವಾಹನಗಳಿಗೆ ವಿಶೇಷ ನೋಂದಣಿಯ ಗೌರವ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ ೨೦೨೧ರಲ್ಲಿ ಹೊರಡಿಸಿತು. ಆ ಗೌರವ ದ್ವಿಚಕ್ರ ವಾಹನಕ್ಕುಂಟು, ಕಾರಿಗುಂಟು. ಟ್ರ್ಯಾಕ್ಟರಿಗಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಬೂದು ಬಣ್ಣದ ಪುಟ್ಟ ಫರ್ಗೂಸನ್ನುಗಳನ್ನು ಅಲ್ಲಿಯ ಜನ ಇಂದಿಗೂ ಒರಸಿ ಉಜ್ಜಿ, ಮೇಳಗಳಲ್ಲಿ ನಡೆಸಿ ತೋರಿಸುತ್ತಾರೆ. ನಮ್ಮಲ್ಲಿ ಹಳೆಯ ಟ್ರ್ಯಾಕ್ಟರಿಗೆ ಸಿಕ್ಕಿರುವ ಪದವಿಯೆಂದರೆ ಹೆದ್ದಾರಿ ಬದಿಯ ಹೋಟೆಲಿನ ಮುಂದೆ ಕೆಂಪು ಬಣ್ಣ ಬಳಿಸಿಕೊಂಡು, ಬಾನೆಟ್ಟಿನಲ್ಲಿ ಹೂಕುಂಡ ಹೊತ್ತು ನಿಲ್ಲುವುದು. ಅದರ ಎಂಜಿನ್ನನ್ನು ತೆಗೆದಿರುತ್ತಾರೆ. ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಸಿಕೊಂಡು ನಾವು ದೋಸೆ ತಿನ್ನಲು ಒಳಗೆ ಹೋಗುತ್ತೇವೆ. ತೂಕಕ್ಕೆ ಮಾರುವವನ ಕ್ರೌರ್ಯಕ್ಕಿಂತ ಈ ಭಾವುಕತೆ ಮೇಲೆಂದು ನಾನು ಒಪ್ಪಲಾರೆ.

ಇನ್ನು ಎದುರು ಪಕ್ಷದ ವಾದಗಳನ್ನು ನೋಡೋಣ. ಅವು ಹುರುಳಿಲ್ಲದವಲ್ಲ.

‘ಅಪ್ಪನಿಗೆ ವಯಸ್ಸಾಗಿದೆ, ಕಣ್ಣು ಮಂದ, ಕಾಲಿಗೆ ಕ್ಲಚ್ಚು ತುಳಿಯುವ ಶಕ್ತಿಯಿಲ್ಲ, ಟ್ರ್ಯಾಕ್ಟರು ಮಗುಚಿದರೆ ಗತಿಯೇನು?’ ಎಂಬುದು ಮೊದಲನೆಯದು. ಈ ಭಯ ನಿಜವಾದದ್ದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟಿಲ್ಲ. ಬದು ಹತ್ತಿಸುವಾಗ, ಕಾಲುವೆಯ ಏರಿಯ ಮೇಲೆ ತಿರುಗಿಸುವಾಗ ಮಗುಚಿದರೆ ಕೆಳಗೆ ಸಿಕ್ಕವನು ಉಳಿಯುವುದು ಕಷ್ಟ. ಆದರೆ ಇದು ಅಪ್ಪ ಓಡಿಸಬಾರದು ಎಂಬುದಕ್ಕೆ ಕಾರಣವೇ ಹೊರತು, ಅಪ್ಪನ ಸೊತ್ತನ್ನು ನಾವು ಮಾರಬಹುದು ಎಂಬುದಕ್ಕಲ್ಲ. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಓಡಿಸಬೇಡಿ ಎಂದು ಎದುರಿಗೆ ಕೂತು ಹೇಳುವುದು ಕಷ್ಟದ ಕೆಲಸ. ಜಗಳವಾಗುತ್ತದೆ, ಊಟ ಬಿಡುತ್ತಾರೆ. ಹಿಂದಿನಿಂದ ಮಾರುವುದು ಸುಲಭ. ಕಷ್ಟದ ಮಾತನ್ನು ತಪ್ಪಿಸಿಕೊಳ್ಳಲು ಸುಲಭದ ಮಾರಾಟವನ್ನು ಮಾಡಿ, ಅದಕ್ಕೆ ಕಾಳಜಿಯ ಅಂಗಿ ತೊಡಿಸುತ್ತೇವೆ.

‘ಈಗ ಅದರ ಅಗತ್ಯವೇನು? ಬಾಡಿಗೆಗೆ ಟ್ರ್ಯಾಕ್ಟರು ಸಿಗುತ್ತದೆಯಲ್ಲ?’ ಎಂಬುದು ಎರಡನೆಯದು. ಸಿಗುತ್ತದೆ, ನಿಜ. ನಮ್ಮ ರಾಜ್ಯದಲ್ಲಿ ೨೦೧೪-೧೫ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಂದಿವೆ. ಆದರೆ ಅಗತ್ಯವಿಲ್ಲದ್ದನ್ನೆಲ್ಲ ಮಾರಬೇಕೆಂಬುದು ಧರ್ಮವಾದರೆ, ನಮ್ಮ ಮನೆಯ ಗಾಜಿನ ಬೀರುವಿನಿಂದಲೇ ಆರಂಭಿಸಬಹುದು. ಒಬ್ಬನ ಅಗತ್ಯವನ್ನು ಇನ್ನೊಬ್ಬನು ನಿರ್ಧರಿಸುವ ಹಕ್ಕು ಎಲ್ಲಿಂದ ಬಂತು?

‘ಕೇಳಿದರೆ ಒಪ್ಪುವುದಿಲ್ಲ, ಅದಕ್ಕೇ ಕೇಳಲಿಲ್ಲ’ ಎಂಬುದು ಮೂರನೆಯದು. ಇದು ವಾದವಲ್ಲ, ತಪ್ಪೊಪ್ಪಿಗೆ. ಒಪ್ಪುವುದಿಲ್ಲವೆಂದು ಗೊತ್ತಿದ್ದರೆ ಉತ್ತರ ಸಿಕ್ಕಿದಂತೆಯೇ ಆಯಿತು. ನೆನಪು, ವಿವೇಚನೆ ಪೂರ್ತಿ ಅಳಿದವರ ವಿಷಯ ಬೇರೆ. ಅಲ್ಲಿ ಮಕ್ಕಳು ನಿರ್ಧರಿಸಲೇಬೇಕಾಗುತ್ತದೆ. ಆದರೆ ನೀರಿನ ಪಾಳಿ, ಸಾಲದ ವಾಯಿದೆ, ಮೊಮ್ಮಕ್ಕಳ ಹುಟ್ಟಿದ ನಕ್ಷತ್ರ ಎಲ್ಲವನ್ನೂ ನೆನಪಿಟ್ಟಿರುವ ಮುದುಕನನ್ನು ಟ್ರ್ಯಾಕ್ಟರಿನ ವಿಷಯಕ್ಕೆ ಮಾತ್ರ ಮಗುವೆಂದು ಎಣಿಸುವುದು ನಮ್ಮ ಅನುಕೂಲಕ್ಕಾಗಿ.

ನ್ಯಾಯ ನೀತಿ ಹಾಗಿರಲಿ, ಕಾಗದಪತ್ರದ ಮಾತನ್ನಾದರೂ ಕೇಳಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೦ನೆಯ ಸೆಕ್ಷನ್ನಿನಂತೆ ಮಾರಿದವನು ಹದಿನಾಲ್ಕು ದಿನಗಳೊಳಗೆ ಆ ಸಂಗತಿಯನ್ನು ನೋಂದಣಿ ಕಚೇರಿಗೆ ತಿಳಿಸಬೇಕು; ಕೊಂಡವನು ತನ್ನ ಹೆಸರಿಗೆ ವರ್ಗ ಮಾಡಿಸಿಕೊಳ್ಳಬೇಕು. ಇದಕ್ಕೆ ೨೯, ೩೦ನೆಯ ನಮೂನೆಗಳಿವೆ. ಬ್ಯಾಂಕಿನ ಸಾಲ ಎಂದೋ ತೀರಿದ್ದರೂ ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ೩೫ನೆಯ ನಮೂನೆ ತಂದು ಅದನ್ನು ತೆಗೆಸಬೇಕು. ಆತುರದ ಮಕ್ಕಳು ಇದಾವುದನ್ನೂ ಮಾಡದೆ, ಖಾಲಿ ಕಾಗದಕ್ಕೆ ರುಜು ಹಾಕಿಸಿ, ದಲ್ಲಾಳಿಯ ಕೈಗೆ ಕೀಲಿ ಕೊಟ್ಟು ಬಸ್ಸು ಹತ್ತುತ್ತಾರೆ. ನಾಳೆ ಆ ಟ್ರ್ಯಾಕ್ಟರು ಯಾರಿಗಾದರೂ ಗುದ್ದಿದರೆ? ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸರ್ವೋಚ್ಚ ನ್ಯಾಯಾಲಯ ೨೦೧೮ರಲ್ಲಿ ಸ್ಪಷ್ಟಪಡಿಸಿದೆ. ಟ್ರ್ಯಾಕ್ಟರು ಹೋಯಿತು, ಹಣ ಮಕ್ಕಳ ಖಾತೆಗೆ ಬಿತ್ತು, ಕೋರ್ಟಿನ ನೋಟೀಸು ಮಾತ್ರ ಎಂಬತ್ತರ ಅಪ್ಪನ ಹೆಸರಿಗೆ ಬಂತು ಎಂದಾಗಬಾರದು.

ಇಷ್ಟೆಲ್ಲ ಉಪದೇಶಿಸುವ ನಾನು ಯಾರು ಎಂದು ಕೇಳುವ ಹಕ್ಕು ವಾಚಕರಿಗಿದೆ. ಹೇಳಿಬಿಡುತ್ತೇನೆ. ನಮ್ಮದು ದಾವಣಗೆರೆಯ ಕಡೆಯ ಭದ್ರಾ ನಾಲೆಯ ಹಳ್ಳಿ. ನಮ್ಮ ತಂದೆ ೧೯೭೪ರಲ್ಲಿ ಕೊಂಡ ಎಚ್‌ಎಂಟಿ ಟ್ರ್ಯಾಕ್ಟರೊಂದು ನಮ್ಮಲ್ಲಿತ್ತು. ಕಣ್ಣಿನ ಪೊರೆ ತೆಗೆಸಲೆಂದು ಅವರನ್ನು ಬೆಂಗಳೂರಿಗೆ ಕರೆತಂದಿದ್ದೆವು. ಆಸ್ಪತ್ರೆಯ ಕಾಗದಗಳ ನಡುವೆ ಮಾರಾಟದ ನಮೂನೆಗಳನ್ನೂ ಇಟ್ಟು, “ಇಲ್ಲೊಂದು ಸಹಿ ಹಾಕಿ ಅಪ್ಪಾಜಿ” ಎಂದು ಬೆರಳಿನಿಂದ ಜಾಗ ತೋರಿಸಿದವನು ನಾನೇ. ಕಣ್ಣು ಕಾಣದ ಅವರು ನನ್ನನ್ನು ನಂಬಿ ಸಹಿ ಹಾಕಿದರು. ಹಣವನ್ನು ಚಿಕಿತ್ಸೆಯ ಖರ್ಚಿಗೆ ವಜಾ ಹಾಕಿಕೊಂಡೆವು. ಲೆಕ್ಕ ಸರಿಯಾಗಿತ್ತು, ಒಂದು ರೂಪಾಯಿಯೂ ಆಚೆಈಚೆ ಆಗಲಿಲ್ಲ.

ಊರಿಗೆ ಮರಳಿದ ದಿನ ಹೊಸ ಕಣ್ಣಿನಿಂದ ಅವರು ಮೊದಲು ನೋಡಿದ್ದು ಖಾಲಿ ಮಾಡನ್ನು. ಕೂಗಾಡುತ್ತಾರೆಂದು ಹೆದರಿ ನಾನು ಸಮಜಾಯಿಷಿಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವರು ಕೂಗಾಡಲಿಲ್ಲ, ಎಷ್ಟಕ್ಕೆ ಹೋಯಿತೆಂದೂ ಕೇಳಲಿಲ್ಲ. “ತಗಂಡೋರು ಉಳೋರೇನಪ್ಪ, ಒಡೆಯೋರಾ?” ಎಂದರು. ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಳಿಜಾರಲ್ಲೇ ನಿಲ್ಲಿಸ್ಬೇಕು ಅಂತ ಹೇಳಿದ್ರೋ ಇಲ್ವೋ? ಬ್ಯಾಟ್ರಿ ಎತ್ತಲ್ಲ ಅದಕ್ಕೆ” ಎಂದರು. ಅದನ್ನೂ ಹೇಳಿರಲಿಲ್ಲ. ಹೇಳಲು ನಮಗೇ ತಿಳಿದಿರಲಿಲ್ಲ. ಐವತ್ತು ವರ್ಷ ಆ ಯಂತ್ರ ನಮ್ಮ ಅಂಗಳದಲ್ಲಿತ್ತು. ಅದು ಹೇಗೆ ಚಾಲೂ ಆಗುತ್ತದೆಂಬುದನ್ನು ಕೂಡ ನಾವು ಕಲಿತಿರಲಿಲ್ಲ.

ಆ ಎರಡು ಪ್ರಶ್ನೆಗಳಲ್ಲಿ ಒಂದು ಮಾರಾಟ ಹೇಗೆ ನಡೆಯಬೇಕೆಂಬುದೆಲ್ಲ ಇದೆ. ಕೊಳ್ಳುವವನು ಯಾರು, ಅವನು ಉಳುವವನೋ ಒಡೆಯುವವನೋ ಎಂಬುದನ್ನು ಆರಿಸುವ ಹಕ್ಕು ಅಪ್ಪನದು. ಯಂತ್ರದ ಹಟ, ಅದರ ರೋಗ, ಎಲ್ಲಿ ಗಾಳಿ ಸೇರುತ್ತದೆ, ಯಾವ ಬೋಲ್ಟು ಸಡಿಲವಾಗುತ್ತದೆ ಎಂಬುದನ್ನು ಕೊಂಡವನಿಗೆ ತಾನೇ ನಿಂತು ಹೇಳಿಕೊಡುವ ಅವಕಾಶ ಅಪ್ಪನಿಗೆ ಸಿಗಬೇಕು. ಅದು ಆತನ ಜೀವಮಾನದ ವಿದ್ಯೆ, ಅದನ್ನು ಕೇಳಿಸಿಕೊಳ್ಳಲು ಬಂದ ಕೊನೆಯ ವಿದ್ಯಾರ್ಥಿ ಆ ಕೊಳ್ಳುವವನೇ ಇರಬಹುದು. ಹಣ ಎಷ್ಟೇ ಸಣ್ಣದಿರಲಿ, ಅದು ಅಪ್ಪನ ಕೈಗೆ ಬರಬೇಕು. ಅದರಿಂದ ಅವರು ಮೊಮ್ಮಗಳಿಗೆ ಓಲೆ ಮಾಡಿಸಲಿ, ದೇವಸ್ಥಾನಕ್ಕೆ ಗಂಟೆ ಕೊಡಿಸಲಿ, ಸುಮ್ಮನೆ ದಿಂಬಿನ ಕೆಳಗೆ ಇಟ್ಟುಕೊಳ್ಳಲಿ. ಮಾರುವುದಿಲ್ಲವೆಂದರೆ ಟ್ರ್ಯಾಕ್ಟರು ಅಲ್ಲೇ ನಿಲ್ಲಲಿ. ಕೋಳಿಗಳಿಗೂ ಒಂದು ಜಾಗ ಬೇಕಷ್ಟೆ.

ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಮೇಲೆ ಹೊರಿಸಲು ೨೦೦೭ರಲ್ಲಿ ಒಂದು ಕಾಯಿದೆಯೇ ಬಂದಿತು. ಅನ್ನ, ಬಟ್ಟೆ, ಔಷಧಿಗಳನ್ನು ಕಾಯಿದೆಯಿಂದ ಕೊಡಿಸಬಹುದು. ‘ಏನು ಮಾಡೋಣ ಅಪ್ಪಾಜಿ, ನೀವೇ ಹೇಳಿ’ ಎಂಬ ಮಾತನ್ನು ಯಾವ ಕಾಯಿದೆಯೂ ನಮ್ಮ ಬಾಯಿಂದ ಹೊರಡಿಸಲಾರದು.

ದಲ್ಲಾಳಿಯನ್ನು ಹಿಡಿದು ನಾನು ಎರಡು ತಿಂಗಳು ಹುಡುಕಿದೆ. ಅವನು ಚಿತ್ರದುರ್ಗದ ಕಡೆ ಎಂದ, ಆಮೇಲೆ ಹಿರಿಯೂರು ಎಂದ, ಆಮೇಲೆ ಫೋನು ಎತ್ತಲಿಲ್ಲ. ಈ ದೀಪಾವಳಿಗೆ ಊರಿಗೆ ಹೋಗುವವರಲ್ಲಿ ಕೆಲವರ ಮನೆಯಂಗಳದಲ್ಲಾದರೂ ಇನ್ನೂ ಟ್ರ್ಯಾಕ್ಟರು ನಿಂತಿದ್ದೀತು. ಫೋಟೋ ತೆಗೆಯುವುದಕ್ಕೆ ಮುಂಚೆ ಅವರು ಅದನ್ನು ಚಾಲೂ ಮಾಡುವುದು ಹೇಗೆಂದು ಅಪ್ಪನನ್ನು ಕೇಳಲಿ. ಮಾರುವ ಮಾತನ್ನು ಆಮೇಲೆ ಆಡಬಹುದು.